ಶೋಲಾ ಕಾಡುಗಳ ಪುನರುಜ್ಜೀವನ

ಯೂಕಲಿಪ್ಟಸ್ ಮರವನ್ನು ಕನ್ನಡದಲ್ಲಿ ನೀಲಗಿರಿ ಎಂದೇ ಕರೆಯುವುದು ರೂಢಿ. ಆದರೆ ಆ ಮರ ನೀಲಗಿರಿ ಬೆಟ್ಟಗಳದ್ದಲ್ಲ, ಆಸ್ಟ್ರೇಲಿಯಾದಿಂದ ಬಂದದ್ದು. 19ನೆಯ ಶತಮಾನದ ಮಧ್ಯಭಾಗದಲ್ಲಿ ಬ್ರಿಟಿಷರು ಸೌದೆಯ ಕೊರತೆಯನ್ನು ನೀಗಲೆಂದು ಇದನ್ನೂ ಅಕೇಶಿಯಾ ಬಳಗದ ವಾಟಲ್ ಮರವನ್ನೂ ಅಲ್ಲಿ ನೆಡಿಸಿದರು. ಸ್ವಾತಂತ್ರ್ಯಾನಂತರ ಚರ್ಮ ಹದಮಾಡುವ ತೊಗಟೆಗಾಗಿ ಹಾಗೂ ರೇಯಾನ್ ತಯಾರಿಕೆಯ ತಿರುಳಿಗಾಗಿ ಈ ನೆಡುತೋಪುಗಳು ಮತ್ತಷ್ಟು ವಿಸ್ತರಿಸಿದವು.

ಈ ಬೆಟ್ಟಗಳ ಮೂಲ ಸ್ವರೂಪವೇ ಬೇರೆ. ಕಣಿವೆಗಳ ಮಡಿಲಿನಲ್ಲಿ ಕಾಡುಸಂಪಿಗೆ, ನೇರಳೆ, ದಾಲ್ಚಿನ್ನಿ ಬಳಗಗಳ ಗಿಡ್ಡ ಮರಗಳು ಒತ್ತಾಗಿ ಬೆಳೆದ ಶೋಲಾ ಕಾಡು; ನಡುವಿನ ಇಳಿಜಾರುಗಳಲ್ಲಿ ಹುಲ್ಲುಗಾವಲು. ಮರವಿಲ್ಲದ ಆ ನೆಲವನ್ನು ಪಾಳುಭೂಮಿಯೆಂದು ಬಗೆದದ್ದೇ ಮೊದಲ ತಪ್ಪು. ತೋಡರ ಎಮ್ಮೆಗಳಿಗೆ ಮೇವು ದೊರೆಯುತ್ತಿದ್ದುದೂ, 12 ವರ್ಷಗಳಿಗೊಮ್ಮೆ ಕುರಿಂಜಿ ಅರಳುವುದೂ, ತಮಿಳುನಾಡಿನ ರಾಜ್ಯಪ್ರಾಣಿಯಾದ ನೀಲಗಿರಿ ತಾರ್ ಎಂಬ ಕಾಡುಮೇಕೆ ಬದುಕುವುದೂ ಅಲ್ಲಿಯೇ. ಹುಲ್ಲು ಮತ್ತು ಶೋಲಾ ಜೊತೆಗೂಡಿ ಮಳೆನೀರನ್ನು ಹಿಡಿದಿಟ್ಟು ತೊರೆಗಳಿಗೆ ನಿಧಾನವಾಗಿ ಬಿಡುತ್ತವೆ. ಆ ನೀರು ಮೋಯಾರ್, ಭವಾನಿ ನದಿಗಳ ಮೂಲಕ ಕಾವೇರಿಯನ್ನು ಸೇರುತ್ತದೆ.

ಸ್ಥಳೀಯ ಸಸ್ಯವರ್ಗಕ್ಕೂ ಪರಿಸರಕ್ಕೂ ಬಾಧಕವಿಲ್ಲವೆಂದು ದೀರ್ಘಕಾಲದ ವೈಜ್ಞಾನಿಕ ಪರೀಕ್ಷೆಯಿಂದ ಸಿದ್ಧಪಡದ ಹೊರತು ವಿದೇಶೀ ಜಾತಿಗಳನ್ನು ತರಕೂಡದೆಂದು 1988ರ ರಾಷ್ಟ್ರೀಯ ಅರಣ್ಯ ನೀತಿ ವಿಧಿಸಿತು. ಆದರೆ ಈಗಾಗಲೇ ಬೇರೂರಿದ ಮರಗಳ ಗತಿಯೇನು?

ಕಡಿದರೆ ಮುಗಿಯಿತೆನ್ನುವಂತಿಲ್ಲ. ವಾಟಲ್ ಬೀಜಗಳು ಮಣ್ಣಿನಲ್ಲಿ ದಶಕಗಳ ಕಾಲ ಜೀವ ಹಿಡಿದಿರುತ್ತವೆ. ಬಿಸಿಲು ಅಥವಾ ಕಾಡ್ಗಿಚ್ಚು ಸೋಕಿದೊಡನೆ ಸಾವಿರಾರು ಸಸಿಗಳು ಒಮ್ಮೆಗೇ ಮೇಲೇಳುತ್ತವೆ. ಆದಕಾರಣ ಮುಕುರ್ತಿ ರಾಷ್ಟ್ರೀಯ ಉದ್ಯಾನದಂಥ ಎಡೆಗಳಲ್ಲಿ ಮರ ತೆಗೆದ ಬಳಿಕವೂ ವರ್ಷವರ್ಷವೂ ಸಸಿಗಳನ್ನು ಬೇರುಸಹಿತ ಕೀಳಬೇಕಾಗುತ್ತದೆ. ಹುಲ್ಲುಗಾವಲಿದ್ದ ನೆಲಕ್ಕೆ ನಾಡ ಹುಲ್ಲನ್ನೇ ಮರಳಿ ತರಬೇಕಲ್ಲದೆ ಅಲ್ಲಿ ಶೋಲಾ ಸಸಿಗಳನ್ನು ನೆಡುವುದೂ ತಪ್ಪೇ.

ಶೋಲಾ ಇದ್ದ ಕಡೆ ಕ್ರಮ ಬೇರೆ. ಶೋಲಾ ಸಸಿಗಳು ಎಳವೆಯಲ್ಲಿ ನೆರಳನ್ನು ಬಯಸುತ್ತವೆ. ಹಳೆಯ ಶೋಲಾದ ತುಣುಕು ಸಮೀಪದಲ್ಲಿದ್ದರೆ ಹಕ್ಕಿಗಳು ಬೀಜ ತಂದು ಹಾಕಿ, ವಿದೇಶೀ ಮರಗಳ ಅಡಿಯಲ್ಲಿಯೇ ನಾಡ ಗಿಡಗಳು ಚಿಗುರುತ್ತವೆ. ಪಳನಿ ಬೆಟ್ಟಗಳಲ್ಲಿಯೂ ಇದು ಕಂಡುಬಂದಿದೆ. ಇಂತಹ ಕಡೆ ನೆಡುತೋಪನ್ನು ಒಮ್ಮೆಲೇ ಬೋಳಿಸುವುದಕ್ಕಿಂತ ಅಷ್ಟಷ್ಟಾಗಿ ತೆಳುಗೊಳಿಸುವುದೇ ಲೇಸು. ಬೆಟ್ಟದ ಹಳ್ಳಿಗಳ ಒಲೆಗಳಿಗೆ ವಾಟಲ್ ಸೌದೆಯೇ ಆಧಾರವಾಗಿರುವ ಎಡೆಗಳಲ್ಲಿಯಂತೂ, ಬದಲಿ ಇಂಧನ ಒದಗುವ ಮೊದಲು ಕೊಡಲಿ ಎತ್ತಿದರೆ ಆ ಒತ್ತಡ ಉಳಿದ ಶೋಲಾದ ಮೇಲೆಯೇ ಬೀಳುತ್ತದೆ.