ಹಾಲಿನ ಲೆಕ್ಕ ಹೊರಡುವ ಮುನ್ನ

ನೋಡವ್ವ, ತಗಡೂರಿನ ಡೇರಿಯ ಕಂಪ್ಯೂಟರು ಇನ್ನು ಮೇಲೆ ನಿನ್ನ ಕೈಯಲ್ಲಿದೆ. ಬೆಳಗ್ಗೆ, ಸಂಜೆ ಹಾಲು ಅಳೆದು, ಫ್ಯಾಟು, ಎಸ್‌ಎನ್‌ಎಫ್ ನೋಡಿ ಮುಗಿದ ಮೇಲೆ ಆ ಹೊತ್ತಿನ ಫೈಲು ತಾನಾಗಿಯೇ ಮೈಸೂರಿನ ಒಕ್ಕೂಟಕ್ಕೆ ಹೋಗುವ ಹಾಗೆ ಮಾಡಿಟ್ಟಿದ್ದೀಯ. ಒಳ್ಳೆಯ ಕೆಲಸ. ಆದರೆ ಆ ಫೈಲಿನ ಒಂದೊಂದು ಸಾಲೂ ಒಂದೊಂದು ಮನೆಯ ಬಟವಾಡೆ. ಸರ್ಕಾರ ಲೀಟರಿಗೆ ಇಷ್ಟೆಂದು ಕೊಡುವ ಪ್ರೋತ್ಸಾಹಧನಕ್ಕೂ ಈ ಲೆಕ್ಕವೇ ಆಧಾರ. ದಾರಿ ತೆರೆದಿದೆಯೇ ಎಂದು ನೋಡದೆ ಅದನ್ನು ಹೊರಡಿಸಬೇಡ.

ಕರೆಂಟು ಹೋಗಿ ಬಂದಾಗ ಗಮನಿಸು. ಕಂಪ್ಯೂಟರು ಬೇಗ ಏಳುತ್ತದೆ; ರೂಟರಿಗೆ ಲೈನು ಸಿಗಲು ಇನ್ನೂ ಸ್ವಲ್ಪ ಹೊತ್ತು ಬೇಕು. ಆ ಸಂದಿನಲ್ಲೇ ನಿನ್ನ ಪ್ರೋಗ್ರಾಮು ಓಡಿದರೆ ಫೈಲು ಇಲ್ಲೇ ಉಳಿಯುತ್ತದೆ, ಯಾರಿಗೂ ತಿಳಿಯುವುದೂ ಇಲ್ಲ.

ರೂಟರಿನ ಹಸಿರು ದೀಪ ಸಾಲದು. ತೂಬು ಎತ್ತಿದ ಮಾತ್ರಕ್ಕೆ ಕಬಿನಿ ನಾಲೆಯ ನೀರು ಕೊನೆಯ ಗದ್ದೆ ಮುಟ್ಟಿರುತ್ತದೆಯೇ? ರೂಟರಿಗೆ ಪಿಂಗ್ ಮಾಡಿ ಉತ್ತರ ಬಂದರೆ ಕೋಣೆಯೊಳಗಿನ ತಂತಿ ಸರಿಯಿದೆ ಎಂದಷ್ಟೇ ಅರ್ಥ. ಫೈಲು ಸೇರಬೇಕಾದ ಸರ್ವರನ್ನೇ, ಅದರ ಹೆಸರು ಹಿಡಿದೇ, ಫೈಲು ಒಳಹೋಗುವ ಪೋರ್ಟಿನಲ್ಲೇ ಕೇಳು. ಎಸ್‌ಎಫ್‌ಟಿಪಿ ಆದರೆ ಸಾಮಾನ್ಯವಾಗಿ 22, ಎಚ್‌ಟಿಟಿಪಿಎಸ್ ಆದರೆ 443. ಹೆಸರು ಹಿಡಿದು ಕೇಳಿದಾಗ ಡಿಎನ್‌ಎಸ್ ಕೆಲಸ ಮಾಡುತ್ತಿದೆಯೇ ಎಂಬುದೂ ಗೊತ್ತಾಗುತ್ತದೆ. ಪಿಂಗಿಗೆ ಉತ್ತರಿಸದ ಸರ್ವರುಗಳೂ ಉಂಟು, ಹೆದರಬೇಡ.

ಗಡಿಯಾರವನ್ನೂ ನೋಡು. ಇದನ್ನು ಬಹಳ ಜನ ಮರೆಯುತ್ತಾರೆ. ಮದರ್‌ಬೋರ್ಡಿನ ಸೆಲ್ಲು ಸತ್ತ ಹಳೆಯ ಕಂಪ್ಯೂಟರಿನಲ್ಲಿ ಕರೆಂಟು ಹೋದರೆ ತಾರೀಖು ಎಲ್ಲೋ ಹಿಂದಕ್ಕೆ ಹೋಗಿರುತ್ತದೆ. ಆಗ ನೆಟ್ ಇದ್ದರೂ ಎಚ್‌ಟಿಟಿಪಿಎಸ್‌ನಲ್ಲಿ ಸರ್ವರಿನ ಸರ್ಟಿಫಿಕೇಟು ಒಪ್ಪಿಗೆಯಾಗುವುದಿಲ್ಲ. ಹಾಲಿನ ಲೆಕ್ಕವೂ ಯಾವುದೋ ದಿನದ ಹೆಸರಿಗೆ ಬೀಳುತ್ತದೆ.

ಉತ್ತರ ಬರದಿದ್ದರೆ ಒಂದು ನಿಮಿಷ ಬಿಟ್ಟು ಕೇಳು, ಆಮೇಲೆ ಎರಡು, ನಾಲ್ಕು. ಸುತ್ತಲ ಊರುಗಳಿಗೆಲ್ಲ ಒಟ್ಟಿಗೇ ಕರೆಂಟು ಬಂದಿರುತ್ತದೆ. ಎಲ್ಲ ಡೇರಿಗಳೂ ಒಂದೇ ಕ್ಷಣಕ್ಕೆ ಮುಗಿಬಿದ್ದರೆ ಸರ್ವರು ಬಳಲುತ್ತದೆ. ಅದಕ್ಕೇ ಕಾಯುವ ಹೊತ್ತು ಒಂದಿಷ್ಟು ಸೆಕೆಂಡು ಹೆಚ್ಚುಕಡಿಮೆಯಾಗುವ ಹಾಗೆ ಬರೆ. ಉತ್ತರ ಬಂದ ಮೇಲೆ ಫೈಲನ್ನು ಮೊದಲು ತಾತ್ಕಾಲಿಕ ಹೆಸರಿನಲ್ಲಿ ಕಳಿಸಿ, ಪೂರ್ತಿ ಮುಟ್ಟಿದ ಮೇಲೆ ನಿಜವಾದ ಹೆಸರು ಕೊಡು. ಅರ್ಧಕ್ಕೆ ನಿಂತದ್ದನ್ನು ಅಲ್ಲಿನವರು ಪೂರ್ತಿ ಲೆಕ್ಕ ಎಂದು ಎತ್ತಿಕೊಳ್ಳಬಾರದು. ಚೆಕ್‌ಸಮ್ ತಾಳೆಯಾಗುವ ತನಕ ಇಲ್ಲಿನ ಪ್ರತಿಯನ್ನು ಅಳಿಸಬೇಡ.

ಅರ್ಧ ಗಂಟೆಯಾದರೂ ಫೈಲು ಹೋಗಲಿಲ್ಲ ಅನ್ನು. ಫೋನಿಗೆ ಮೆಸೇಜು ಬರಲಿ ಅಂತ ಇಟ್ಟಿರುತ್ತೀಯ, ನೆಟ್ಟೇ ಇಲ್ಲದಾಗ ಅದೂ ಹೊರಡುವುದಿಲ್ಲವಲ್ಲ. ಆದ್ದರಿಂದ ಪರದೆಯ ಮೇಲೇ ದಪ್ಪ ಕನ್ನಡ ಅಕ್ಷರದಲ್ಲಿ ನಿಲ್ಲಲಿ: ಸಂಜೆಯ ಫೈಲು ಹೋಗಿಲ್ಲ. ಬೆಳಗ್ಗೆ ಹಾಲು ಅಳೆಯಲು ಕೂತವರು ಅದನ್ನು ದಾಟಿ ಮುಂದೆ ಹೋಗಲು ಆಗಬಾರದು.