ಮತ್ತೆ ಅದೇ ಕಾರ್ಖಾನೆಗೆ ಹೋಗು

ಪ್ರೀತಿಯ ತಂಗಿಗೆ,

ಕೈಗಾರಿಕಾ ಸಂಬಂಧಗಳ ವಿಷಯದಲ್ಲಿ ಪಿಎಚ್.ಡಿ.ಗೆ ಹೊರಟಿರುವ ನಿನಗೆ ಹಿತವರು ಏನು ಹೇಳುತ್ತಿರಬಹುದೆಂದು ಊಹಿಸಬಲ್ಲೆ. ಯೂನಿಯನ್ನುಗಳ ಕಾಲ ಮುಗಿಯಿತು, ಮುಷ್ಕರದ ಸುದ್ದಿ ಓದಿ ಎಷ್ಟು ದಿನವಾಯಿತು, ವಿಷಯದ ಹೆಸರನ್ನು ಮಾನವ ಸಂಪನ್ಮೂಲ ಎಂದು ಬದಲಿಸಿಕೊಂಡರೆ ಯಾವುದಾದರೂ ಎಂಬಿಎ ಕಾಲೇಜಿನಲ್ಲಿ ಕೆಲಸವಂತೂ ಸಿಕ್ಕೀತು, ಎಂದು. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಯುಜಿಸಿಯ ನೆಟ್ ಪರೀಕ್ಷೆಯಲ್ಲೇ ಕಾರ್ಮಿಕ ಕಲ್ಯಾಣ, ಸಿಬ್ಬಂದಿ ನಿರ್ವಹಣೆ, ಕೈಗಾರಿಕಾ ಸಂಬಂಧ, ಮಾನವ ಸಂಪನ್ಮೂಲ ನಿರ್ವಹಣೆ ಎಲ್ಲವನ್ನೂ ಒಂದೇ ಪತ್ರಿಕೆಯೊಳಗೆ ಸೇರಿಸಿದ್ದಾರೆ. ಆದರೆ ಮಾನವ ಸಂಪನ್ಮೂಲ, ಕೈಗಾರಿಕಾ ಸಂಬಂಧ ಎರಡೂ ಕೇಳುವ ಪ್ರಶ್ನೆ ಒಂದೇ ಅಲ್ಲ. ನೌಕರನನ್ನು ಸಂಸ್ಥೆಯ ಗುರಿಗೆ ಹೊಂದಿಸುವುದು ಹೇಗೆ ಎಂದು ಒಂದು ಕೇಳುತ್ತದೆ. ಕಾರ್ಖಾನೆಯಲ್ಲಿ ಎರಡು ಬೇರೆ ಹಿತಗಳಿವೆ, ಅವು ಒಂದನ್ನೊಂದು ಬಿಟ್ಟಿರಲಾರವು, ಅವುಗಳ ನಡುವಿನ ನಿಯಮಗಳನ್ನು ಯಾರು, ಯಾವ ಬಲದಿಂದ ಮಾಡುತ್ತಾರೆ ಎಂದು ಇನ್ನೊಂದು ಕೇಳುತ್ತದೆ. ಎರಡನೆಯ ಪ್ರಶ್ನೆ ಕೇಳುವವರು ನಮ್ಮಲ್ಲಿ ಕಡಿಮೆಯಾಗುತ್ತಿದ್ದಾರೆ. ಪ್ರಶ್ನೆ ಮಾತ್ರ ಎಲ್ಲಿಗೂ ಹೋಗಿಲ್ಲ. ಆದ್ದರಿಂದ ನನ್ನ ಸಲಹೆ ಇಷ್ಟು: ಈ ವಿಷಯವನ್ನು ಬಿಡಬೇಡ. ಒಂದು ಕಾರ್ಖಾನೆಯನ್ನೋ ಒಂದು ಕೈಗಾರಿಕಾ ಪ್ರದೇಶವನ್ನೋ ಆರಿಸಿಕೋ, ಅಲ್ಲಿ ಬೇರೂರು, ಪದವಿ ಬಂದ ಮೇಲೂ ಮತ್ತೆ ಮತ್ತೆ ಅಲ್ಲಿಗೇ ಹೋಗು.

ಮೊದಲು ವಿಷಯ ಸತ್ತಿದೆ ಎಂಬ ಮಾತನ್ನು ನೋಡೋಣ. ಮುಷ್ಕರಗಳ ಲೆಕ್ಕ ಇಳಿದಿದೆ, ನಿಜ. ಆದರೆ ಮುಷ್ಕರದ ಲೆಕ್ಕವೇ ಸಂಘರ್ಷದ ಲೆಕ್ಕವಲ್ಲ. 2016ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಭವಿಷ್ಯನಿಧಿಯ (ಪಿಎಫ್) ನಿಯಮ ಬದಲಿಸಿ, ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವ ತನಕ ತೆಗೆಯುವಂತಿಲ್ಲ ಎಂದಿತು. ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಮಿಕರು, ಅವರಲ್ಲಿ ಬಹುಪಾಲು ಹೆಂಗಸರು, ಹೊಸೂರು ರಸ್ತೆಯಲ್ಲಿ, ತುಮಕೂರು ರಸ್ತೆಯಲ್ಲಿ ಕೂತುಬಿಟ್ಟರು. ಯಾವ ಯೂನಿಯನ್ನೂ ಕರೆ ಕೊಟ್ಟಿರಲಿಲ್ಲ. ಎರಡೇ ದಿನದಲ್ಲಿ, ಏಪ್ರಿಲ್ 19ರಂದು, ಸರ್ಕಾರ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ಪಿಎಫ್ ವಿಷಯಕ್ಕೆ ಇಷ್ಟು ಸಿಟ್ಟೇಕೆ ಎಂದು ಅಂದು ಅನೇಕ ವಿದ್ಯಾವಂತರು ಬೆರಗಾದರು. ಹೊಲಿಗೆ ಲೈನಿನ ಬದುಕನ್ನು ಹತ್ತಿರದಿಂದ ಬಲ್ಲವರಿಗೆ ಬೆರಗಿಲ್ಲ. ಗಂಟೆಗೆ ಇಷ್ಟು ಪೀಸು ಎಂಬ ಟಾರ್ಗೆಟ್ ಬೋರ್ಡಿನ ಮೇಲೆ ಬರೆದಿರುತ್ತದೆ. ಕಣ್ಣು, ಸೊಂಟ ಸಹಕರಿಸುವಷ್ಟು ಕಾಲ ಮಾತ್ರ ಅದನ್ನು ಮುಟ್ಟಲು ಸಾಧ್ಯ. ಸಂಬಳ ಕನಿಷ್ಠ ವೇತನದ ಆಸುಪಾಸಿನಲ್ಲೇ ಸುತ್ತುತ್ತದೆ. ಕೆಲಸ ಬಿಟ್ಟಾಗ ಕೈಗೆ ಬರುವ ಪಿಎಫ್ ಎಂದರೆ ಹೊಲಿಯುವವಳ ಆಯುಸ್ಸಿನಲ್ಲಿ ಇಡಿಯಾಗಿ ಕಾಣುವ ಒಂದೇ ಮೊತ್ತ: ಸಾಲ ತೀರಿಸಲು, ಮಗಳ ಫೀಸು ಕಟ್ಟಲು, ಮನೆ ಭೋಗ್ಯಕ್ಕೆ ಹಾಕಿಕೊಳ್ಳಲು. 58 ಎಂಬ ವಯಸ್ಸಿನ ತನಕ ಮಿಷನ್ನಿನ ಮುಂದೆ ಇರುವೆನೆಂದು ಅವಳು ಎಣಿಸಿಯೇ ಇಲ್ಲ. ಇದು ನಿವೃತ್ತಿಯ ಹಣ ಎಂದು ದೆಹಲಿಯ ಕಡತ ತಿಳಿದಿತ್ತು. ಕೆಲಸದಿಂದ ಕೆಲಸಕ್ಕೆ ದಾಟಿಸುವ ಹಣ ಎಂದು ಲೈನು ತಿಳಿದಿತ್ತು. ಈ ಅಂತರವನ್ನು ಮೊದಲೇ ಬರೆದಿಡಬೇಕಾದವರು ನಮ್ಮ ವಿಭಾಗಗಳ ವಿದ್ವಾಂಸರು.

2020ರ ಡಿಸೆಂಬರ್ 12ರಂದು ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಘಟಕದಲ್ಲಿ ಗಲಭೆಯಾಯಿತು. ಅಲ್ಲಿನ ಬಹುಪಾಲು ಕಾರ್ಮಿಕರು ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. ದೂರು ಸಂಬಳದ ಬಗ್ಗೆ. ಕಂಪನಿಯೇ ಆಮೇಲೆ ತಪ್ಪೊಪ್ಪಿ ಕ್ಷಮೆ ಕೇಳಿ, ಉಪಾಧ್ಯಕ್ಷರೊಬ್ಬರನ್ನು ತೆಗೆಯಿತು. ಗಾಜು ಒಡೆದದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಾವಿರಾರು ಜನ ದುಡಿಯುವ ಕಡೆ ಅಹವಾಲು ಹೇಳಲು ಒಂದು ಮೇಜು, ಅದರ ಎರಡು ಕಡೆ ಕುರ್ಚಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದು ನಮ್ಮ ಶಾಸ್ತ್ರದ ಮೊದಲ ಪಾಠ. ಯೂನಿಯನ್ ಇಲ್ಲದ ಕಡೆ ನಮಗೇನು ಕೆಲಸ ಎಂದು ಕೇಳುವವರಿಗೆ ಇದಕ್ಕಿಂತ ಬೇರೆ ಉತ್ತರ ನನ್ನಲ್ಲಿಲ್ಲ.

ಈಗ ಒಂದೇ ಜಾಗ ಎಂದು ಏಕೆ ಹಠ ಹಿಡಿದಿದ್ದೇನೆಂದು ಹೇಳುತ್ತೇನೆ. ಆಕ್ಸ್‌ಫರ್ಡಿನ ಅಲನ್ ಫ್ಲಾಂಡರ್ಸ್ 1964ರಲ್ಲಿ ಒಂದು ಪುಸ್ತಕ ಬರೆದರು. ಅದರ ವಸ್ತು ಇಡೀ ಬ್ರಿಟನ್ ಅಲ್ಲ. ಸೌತಾಂಪ್ಟನ್ ಬಳಿಯ ಫಾಲೀ ಎಂಬಲ್ಲಿದ್ದ ಎಸ್ಸೋ ಕಂಪನಿಯ ಒಂದು ತೈಲ ಸಂಸ್ಕರಣಾಗಾರ. ಅಲ್ಲಿ ಓವರ್‌ಟೈಮ್ ಎಂಬುದು ತುರ್ತಿಗೆ ಮಾಡುವ ಕೆಲಸವಾಗಿ ಉಳಿದಿರಲಿಲ್ಲ, ಸಂಬಳದ ಖಾಯಂ ಭಾಗವಾಗಿತ್ತು. ಕುಶಲಕರ್ಮಿಗೊಬ್ಬ ಸಹಾಯಕ ಇರಲೇಬೇಕೆಂಬ ರೂಢಿಯಿತ್ತು, ಸಹಾಯಕನಿಗೆ ಮಾಡಲು ಕೆಲಸ ಇರಲಿ ಬಿಡಲಿ. 1960ರ ಒಪ್ಪಂದದಲ್ಲಿ ಆಡಳಿತ ವರ್ಗ ಸಂಬಳವನ್ನು ಚೆನ್ನಾಗಿ ಏರಿಸಿ, ಬದಲಿಗೆ ಈ ರೂಢಿಗಳನ್ನು ಬಿಡಲು ಯೂನಿಯನ್ನುಗಳನ್ನು ಒಪ್ಪಿಸಿತು. ಫ್ಲಾಂಡರ್ಸ್ ಈ ಚೌಕಾಸಿಯನ್ನು ಎಷ್ಟು ಸೂಕ್ಷ್ಮವಾಗಿ ಬರೆದರೆಂದರೆ, ಉತ್ಪಾದಕತೆಯ ಚೌಕಾಸಿ ಇಡೀ ದೇಶದ ಚರ್ಚೆಯಾಯಿತು. ಬ್ರಿಟನ್ನಿನ ಕಾರ್ಮಿಕ ಸಂಘಗಳ ಬಗ್ಗೆ 1965ರಿಂದ 1968ರ ತನಕ ಕೂತ ಡೊನೊವನ್ ಆಯೋಗದ ಮೇಲೂ ಅವರ ಆಲೋಚನೆಯ ಗುರುತಿದೆ. ಕಥೆ ಅಲ್ಲಿಗೆ ನಿಂತಿದ್ದರೆ ಅದೊಂದು ಯಶಸ್ಸಿನ ವರದಿಯಾಗಿ ಉಳಿಯುತ್ತಿತ್ತು. ಬ್ರೂಸ್ ಆಲ್‌ಸ್ಟ್ರಾಂಡ್ ಎಂಬ ಸಂಶೋಧಕ ಅದೇ ಫಾಲೀಗೆ ಮರಳಿ ಹೋಗಿ, ಫ್ಲಾಂಡರ್ಸ್ ನಂತರದ ಫಾಲೀಯ ಕಥೆಯನ್ನು 1990ರಲ್ಲಿ ಪ್ರಕಟಿಸಿದರು. ಒಂದರ ಮೇಲೊಂದು ಒಪ್ಪಂದಗಳಾಗಿದ್ದವು, ನಿರೀಕ್ಷಿಸಿದ ಫಲ ಮಾತ್ರ ನಿಂತಿರಲಿಲ್ಲ. ಮೊದಲ ಪುಸ್ತಕ ಸುಳ್ಳಲ್ಲ. ಒಪ್ಪಂದಕ್ಕೆ ಸಹಿ ಬಿದ್ದ ಕಾಲದ ಸತ್ಯ ಅದು. ಸಹಿಯ ನಂತರದ ಇಪ್ಪತ್ತೈದು ವರ್ಷದ ಸತ್ಯ ಬೇರೆ. ಎರಡನ್ನೂ ಓದಿದವರಿಗೆ ಮಾತ್ರ ಒಪ್ಪಂದ ಎಂದರೇನು ಎಂದು ಅರ್ಥವಾಗುತ್ತದೆ.

ನಮ್ಮ ಬೆಂಗಳೂರೇ ಇದಕ್ಕೆ ಇನ್ನೊಂದು ಸಾಕ್ಷಿ ಕೊಟ್ಟಿದೆ. ಮಾನವಶಾಸ್ತ್ರಜ್ಞ ಮಾರ್ಕ್ ಹೋಮ್‌ಸ್ಟ್ರೋಮ್ ಇಲ್ಲಿನ ಕಾರ್ಖಾನೆಗಳ ಕಾರ್ಮಿಕರ ಬಗ್ಗೆ 1976ರಲ್ಲಿ ಬರೆದಾಗ, ಖಾಯಂ ನೌಕರಿಯನ್ನು ಒಂದು ಕೋಟೆಯಂತೆ ಕಂಡರು. ಒಳಗಿರುವವರಿಗೆ ಭದ್ರತೆ, ಹೊರಗಿರುವವರಿಗೆ ಗೋಡೆ. 1984ರಲ್ಲಿ ಬಂದ ಅವರ ಎರಡನೆಯ ಪುಸ್ತಕದಲ್ಲಿ ಅವರೇ ಆ ಚಿತ್ರವನ್ನು ಬದಲಿಸಿದರು: ಸಂಘಟಿತ, ಅಸಂಘಟಿತ ಎಂದು ಒಂದೇ ಗೋಡೆ ಎರಡಾಗಿ ಸೀಳಿಲ್ಲ, ಮೇಲಿಂದ ಕೆಳಗಿನ ತನಕ ಒಂದು ಇಳಿಜಾರಿದೆ, ಅದರಲ್ಲಿ ಹಲವು ಮೆಟ್ಟಿಲುಗಳಿವೆ ಎಂದರು. ತನ್ನ ಹೆಸರಿನೊಂದಿಗೆ ಅಂಟಿಕೊಂಡ ವಿಚಾರವನ್ನು ತಾನೇ ತಿದ್ದುವ ಈ ಧೈರ್ಯ ಪುಸ್ತಕ ಭಂಡಾರದಲ್ಲಿ ಕೂತು ಬರುವಂಥದ್ದಲ್ಲ. ಕಾರ್ಖಾನೆಗಳಿಗೆ ಮತ್ತೆ ಹೋಗಿ ನೋಡಿದಾಗ ಬರುತ್ತದೆ. ಜಾನಕಿ ನಾಯರ್ ಕೋಲಾರದ ಚಿನ್ನದ ಗಣಿ ಮತ್ತು ಬೆಂಗಳೂರಿನ ಮಿಲ್ಲುಗಳ ಬಗ್ಗೆ, ದಿಲೀಪ್ ಸುಬ್ರಮಣಿಯನ್ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ (ಐಟಿಐ) ಬಗ್ಗೆ ಬರೆದ ಪುಸ್ತಕಗಳನ್ನೂ ಓದು. ಒಂದು ಜಾಗದ ದಾಖಲೆಗಳ ಜೊತೆ ವರ್ಷಗಟ್ಟಲೆ ಕೂತರೆ ಎಂಥ ಇತಿಹಾಸ ಹೊರಬರುತ್ತದೆ ಎಂಬುದಕ್ಕೆ ಅವು ಮಾದರಿ.

ಒಂದು ಕಾರ್ಖಾನೆ ಇಡೀ ರಾಜ್ಯದ ಪ್ರತಿನಿಧಿಯಾಗುವುದು ಹೇಗೆ ಎಂದು ನಿನ್ನ ಅರ್ಥಶಾಸ್ತ್ರದ ಗೆಳೆಯರು ಕೇಳುತ್ತಾರೆ. ಆಗುವುದಿಲ್ಲ. ಎಷ್ಟು ಕಡೆ ಹೀಗಿದೆ ಎಂದು ತಿಳಿಯಲು ಸಮೀಕ್ಷೆಯೇ ಬೇಕು, ಅದನ್ನು ಚೆನ್ನಾಗಿ ಮಾಡುವವರನ್ನು ಗೌರವಿಸು. ಆದರೆ ಸಮೀಕ್ಷೆಯಲ್ಲಿ ಏನನ್ನು ಕೇಳಬೇಕೆಂದು ಹೇಳಿಕೊಡುವುದು ಒಳಗಿನ ಪರಿಚಯ. ಸೆಟ್ಲ್‌ಮೆಂಟಿನ, ಅಂದರೆ ಯೂನಿಯನ್ ಮತ್ತು ಆಡಳಿತ ವರ್ಗದ ಒಪ್ಪಂದದ, ಪ್ರತಿಯನ್ನೇ ತೆಗೆದುಕೋ. ಹಳೆಯ ಕೈಗಾರಿಕಾ ವಿವಾದ ಕಾಯ್ದೆಯ ಕಲಂ 18(1)ರ ಕೆಳಗೆ ಎರಡೇ ಪಕ್ಷಗಳು ಕೂತು ಮಾಡಿಕೊಂಡ ಒಪ್ಪಂದ ಸಹಿ ಹಾಕಿದವರನ್ನು ಮಾತ್ರ ಕಟ್ಟಿಹಾಕುತ್ತಿತ್ತು. ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಯ ಮುಂದೆ 12(3)ರ ಕೆಳಗೆ ಆದದ್ದು ಸದಸ್ಯರಲ್ಲದವರನ್ನೂ, ಮುಂದೆ ಸೇರುವವರನ್ನೂ ಕಟ್ಟಿಹಾಕುತ್ತಿತ್ತು. ಎರಡು ಯೂನಿಯನ್ನುಗಳಿರುವ ಕಾರ್ಖಾನೆಯಲ್ಲಿ ಆಡಳಿತ ವರ್ಗ ಯಾರ ಜೊತೆ, ಯಾವ ಕಲಮಿನ ಕೆಳಗೆ ಸಹಿ ಹಾಕಿತು ಎಂಬುದರಲ್ಲೇ ಅಲ್ಲಿನ ರಾಜಕೀಯವೆಲ್ಲ ಅಡಗಿರುತ್ತದೆ. ಸಂಬಳ ಎಷ್ಟು ಹೆಚ್ಚಿತು ಎಂಬ ಒಂದು ಅಂಕಿಯನ್ನು ಪ್ರಶ್ನಾವಳಿಯಲ್ಲಿ ತುಂಬಿಸಿಕೊಂಡು ಬರುವವರ ಕಣ್ಣಿಗೆ ಇದು ಬೀಳುವುದಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಪಕ್ಷಪಾತದ್ದು. ಒಂದೇ ಕಡೆ ಬಹಳ ಕಾಲ ಇದ್ದವರು ಯಾರದ್ದಾದರೂ ವಕೀಲರಾಗಿಬಿಡುತ್ತಾರೆ ಎನ್ನುತ್ತಾರೆ. ಈ ಅಪಾಯ ನಿಜವಾದದ್ದು. ಆಡಳಿತ ವರ್ಗದ ಪಾಸ್ ಹಿಡಿದು ಒಳಗೆ ಹೋದವರು ಅವರ ಮಾತಿನಲ್ಲೇ ಬರೆಯತೊಡಗುತ್ತಾರೆ. ಯೂನಿಯನ್ ಕಚೇರಿಯಲ್ಲೇ ಕೂತವರು ಮುಖಂಡರ ಭಾಷಣವನ್ನೇ ಕಾರ್ಮಿಕರ ಮನಸ್ಸೆಂದು ಬಗೆಯುತ್ತಾರೆ. ಇಲ್ಲಿ ಅಲನ್ ಫಾಕ್ಸ್ ಅವರ ದಾರಿ ನಿನಗೆ ನೆರವಾದೀತು. ಹದಿನಾಲ್ಕಕ್ಕೇ ಶಾಲೆ ಬಿಟ್ಟು ದುಡಿದು, ಆಮೇಲೆ ಆಕ್ಸ್‌ಫರ್ಡಿಗೆ ಬಂದವರು ಅವರು. 1966ರಲ್ಲಿ ಡೊನೊವನ್ ಆಯೋಗಕ್ಕಾಗಿ ಬರೆದ ಪ್ರಬಂಧದಲ್ಲಿ, ಕಾರ್ಖಾನೆಯನ್ನು ಒಂದೇ ಮನಸ್ಸಿನ ತಂಡವೆಂದು ಕಾಣುವುದು ಭ್ರಮೆ, ಅದು ಬೇರೆ ಬೇರೆ ಹಿತಗಳ ಕೂಟ ಎಂದು ವಾದಿಸಿದರು. 1974ರ ಪುಸ್ತಕದಲ್ಲಿ ಇನ್ನೂ ಮುಂದೆ ಹೋದರು: ಮೇಜಿನ ಎರಡು ಬದಿಯ ಬಲ ಸಮವಲ್ಲ, ಮೇಜಿನ ಮೇಲೆ ಬಾರದೇ ಹೋದ ವಿಷಯಗಳೇ ಹೆಚ್ಚು ದೊಡ್ಡವು ಎಂದರು. ನಮ್ಮ ಕಾರ್ಖಾನೆಗಳಿಗೆ ಇದನ್ನು ಅನ್ವಯಿಸಿ ನೋಡು. ಒಂದೇ ಲೈನಿನಲ್ಲಿ ಅಕ್ಕಪಕ್ಕ ನಿಂತ ಇಬ್ಬರಲ್ಲಿ ಒಬ್ಬ ಖಾಯಂ, ಇನ್ನೊಬ್ಬ ಗುತ್ತಿಗೆ. ಅನೇಕ ಕಡೆ ಗುರುತಿನ ಚೀಟಿಯ ಬಣ್ಣವೇ ಬೇರೆ. ಖಾಯಂ ನೌಕರರ ಯೂನಿಯನ್ ಕೊಟ್ಟ ಬೇಡಿಕೆ ಪಟ್ಟಿಯಲ್ಲಿ ಎರಡನೆಯವನ ಹೆಸರೇ ಇಲ್ಲದಿದ್ದರೆ, ಅದನ್ನು ಬರೆಯುವುದು ಆಡಳಿತದ ಪರವೂ ಅಲ್ಲ, ಯೂನಿಯನ್ ವಿರುದ್ಧವೂ ಅಲ್ಲ. ಪಟ್ಟಿಯಲ್ಲಿ ಏನಿಲ್ಲ ಎಂದು ಪ್ರತಿ ಸಲ ಕೇಳಿಕೊಳ್ಳುವವರು ಯಾರ ವಕೀಲರೂ ಆಗುವುದಿಲ್ಲ. ನಿನಗೆ ಕಾರ್ಮಿಕರ ಮೇಲೆ ಪ್ರೀತಿ ಇರಲಿ, ಅದನ್ನು ಮುಚ್ಚಿಡಬೇಕಾಗಿಲ್ಲ. ಟಿಪ್ಪಣಿಯಲ್ಲಿ ಮಾತ್ರ ನಡೆದದ್ದೇ ಇರಲಿ.

ಬಡ್ತಿಯ ವಿಷಯದಲ್ಲಿ ನಿನಗೆ ಸಮಾಧಾನದ ಸುಳ್ಳು ಹೇಳಲಾರೆ. ಪ್ರಬಂಧಗಳನ್ನು ಎಣಿಸಿ ಅಂಕ ಕೊಡುವ ಈ ವ್ಯವಸ್ಥೆಯಲ್ಲಿ ನಿಧಾನದ ಕೆಲಸ ಹಿಂದೆ ಬೀಳುತ್ತದೆ, ನಿನ್ನ ಜೊತೆಯವರು ನಿನಗಿಂತ ಮೊದಲು ಪ್ರೊಫೆಸರ್ ಆದಾರು. ವೇತನ, ಶಿಸ್ತುಕ್ರಮ, ಗುತ್ತಿಗೆ ಎಂದು ಒಂದೇ ಜಾಗದಿಂದ ಬಿಡಿ ಬಿಡಿ ಲೇಖನಗಳನ್ನು ಬರೆಯುತ್ತಾ ಹೋದರೆ ನಷ್ಟ ಸ್ವಲ್ಪ ತಗ್ಗುತ್ತದೆ, ಅಷ್ಟೇ. ಕನ್ನಡದಲ್ಲೂ ಬರೆ, ಯಾರ ಬಗ್ಗೆ ಬರೆದೆಯೋ ಅವರು ಓದಿ ತಪ್ಪು ತೋರಿಸುವಂತಿರಬೇಕು. ಒಡಿಶಾ, ಜಾರ್ಖಂಡ್‌ಗಳಿಂದ ಬಂದು ಹಾಸ್ಟೆಲ್‌ಗಳಲ್ಲಿದ್ದು ಹೊಲಿಯುವ ಹುಡುಗಿಯರು ಈಗ ಬೆಂಗಳೂರಿನ ಲೈನುಗಳಲ್ಲಿ ಬಹಳ ಇದ್ದಾರೆ. ಅವರಿಗಾಗಿ ಹಿಂದಿಯನ್ನಾದರೂ ಚೆನ್ನಾಗಿ ಕಲಿ.

ಇದೆಲ್ಲವನ್ನು ಈಗಲೇ ಹೇಳಲು ಒಂದು ಕಾರಣವಿದೆ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಕೆಲಸದಿಂದ ತೆಗೆಯಲು, ಕಾರ್ಖಾನೆ ಮುಚ್ಚಲು ಸರ್ಕಾರದ ಅನುಮತಿ ಬೇಕೆಂಬ ಮಿತಿ 100 ಕಾರ್ಮಿಕರಿಂದ 300ಕ್ಕೆ ಏರಿದೆ. ಮುಷ್ಕರಕ್ಕೆ 14 ದಿನದ ನೋಟಿಸ್ ಎಲ್ಲ ಕೈಗಾರಿಕೆಗಳಿಗೂ ಕಡ್ಡಾಯವಾಗಿದೆ. ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಜನ ಒಟ್ಟಿಗೆ ಸಾಂದರ್ಭಿಕ ರಜೆ ಹಾಕಿದರೂ ಅದು ಮುಷ್ಕರವೇ. ಒಂದಕ್ಕಿಂತ ಹೆಚ್ಚು ಯೂನಿಯನ್ನುಗಳಿರುವ ಕಡೆ ಶೇ. 51 ಸದಸ್ಯತ್ವವಿರುವ ಯೂನಿಯನ್ನೇ ಮಾತುಕತೆಯ ಯೂನಿಯನ್. ಇವು ಉದ್ಯೋಗ ಹೆಚ್ಚಿಸುತ್ತವೆ ಎಂದು ಒಂದು ಕಡೆ, ಹಕ್ಕು ಕಸಿಯುತ್ತವೆ ಎಂದು ಇನ್ನೊಂದು ಕಡೆ ವಾದ ನಡೆದಿದೆ. ಯಾರು ಸರಿ ಎಂದು ಐದಾರು ವರ್ಷದ ಮೇಲೆ ಹೇಳಬಲ್ಲವರು, ಇಂದಿನ ಸ್ಥಿತಿಯನ್ನು ಒಳಗಿದ್ದು ದಾಖಲಿಸಿಕೊಂಡವರು ಮಾತ್ರ. ಪೀಣ್ಯವೋ, ಬಿಡದಿಯೋ, ದೊಡ್ಡಬಳ್ಳಾಪುರವೋ, ಈ ವರ್ಷವೇ ಒಂದು ಕಡೆ ಗಟ್ಟಿಮಾಡು. ಹಳೆಯ ಸೆಟ್ಲ್‌ಮೆಂಟಿನ ಅವಧಿ ಮುಗಿಯಲು ಇನ್ನೂ ವರ್ಷವಿರುವಂತೆ ನೋಡಿಕೊಂಡು ಸೇರಿದರೆ ಬೇಡಿಕೆ ಪಟ್ಟಿ ಹುಟ್ಟುವುದರಿಂದ ಸಹಿಯ ತನಕ ಎಲ್ಲವನ್ನೂ ಕಾಣಬಹುದು. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ವಿಚಾರಿಸಿ, ನೀನು ಆರಿಸಿದ ಕಾರ್ಖಾನೆಯ ಒಪ್ಪಂದ ಯಾವ ತಿಂಗಳಿಗೆ ಮುಗಿಯುತ್ತದೆ ಎಂದು ತಿಳಿದುಕೊಂಡು ನನಗೆ ಬರೆ.

ಇಂತಿ,
ನಿನ್ನ ಹಿತೈಷಿ