ನೋಟ್‌ಬುಕ್ಕೋ, ಎಡಿಟರೋ? ಗೊಂದಲ ಬಿಡಿ, ಕೋಡ್ ಬರೆಯಿರಿ

ಪೈಥಾನ್ ಕಲಿಯಲು ಕೂತ ಎಷ್ಟೋ ಜನರ ಮೊದಲ ವಾರ ಪೈಥಾನ್‌ಗೆ ಸಿಗುವುದೇ ಇಲ್ಲ. ಜುಪಿಟರ್ ನೋಟ್‌ಬುಕ್ ಹಾಕಿಕೊಳ್ಳಲಾ, ವಿಎಸ್ ಕೋಡ್ ಎಡಿಟರ್ ಹಾಕಿಕೊಳ್ಳಲಾ ಎಂದು ಸೀನಿಯರ್‌ಗಳನ್ನು ಕೇಳುವುದರಲ್ಲೇ ವಾರ ಮುಗಿಯುತ್ತದೆ. ಒಬ್ಬರು 'ನೋಟ್‌ಬುಕ್ ಬಳಸುವವರು ಪ್ರೋಗ್ರಾಮರ್‌ಗಳೇ ಅಲ್ಲ' ಅನ್ನುತ್ತಾರೆ. ಇನ್ನೊಬ್ಬರು 'ಡೇಟಾ ಸೈನ್ಸ್‌ಗೆ ನೋಟ್‌ಬುಕ್ ಬಿಟ್ಟರೆ ಗತಿಯಿಲ್ಲ' ಅನ್ನುತ್ತಾರೆ. ಇಬ್ಬರ ಮಾತೂ ಅರ್ಧ ಸರಿ. ನೀವು ಮಾತ್ರ ನಿಂತಲ್ಲೇ ನಿಂತಿರುತ್ತೀರಿ. ಈ ಹಿಂದೆಮುಂದೆ ನೋಡುವುದು ನಿಮ್ಮ ಸ್ವಭಾವವಲ್ಲ, ಬರೀ ಅಭ್ಯಾಸ. ಬಿಡಿಸಿಕೊಳ್ಳಬಹುದು. ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು ಮುಂದೆ ಓದಿ.

1. ಮೊದಲು ಕೋಡಿನ ಆಯಸ್ಸು ಕೇಳಿ

'ಯಾವ ಟೂಲ್ ಒಳ್ಳೆಯದು' ಎಂದು ಕೇಳಬೇಡಿ. ಎರಡು ಬೇರೆ ಪ್ರಶ್ನೆ ಕೇಳಿ: ಈ ಕೋಡ್ ಎಷ್ಟು ದಿನ ಬದುಕಬೇಕು? ಇದನ್ನು ಯಾರು ಓಡಿಸುತ್ತಾರೆ? ಇವತ್ತು ಸಂಜೆಯೊಳಗೆ ಒಂದು ಉತ್ತರ ಸಿಕ್ಕರೆ ಸಾಕು, ಓಡಿಸುವವರೂ ನೀವೇ ಎಂದಾದರೆ ನೋಟ್‌ಬುಕ್. ಮುಂದಿನ ತಿಂಗಳೂ ಓಡಬೇಕು, ನೀವು ರಜೆಯಲ್ಲಿದ್ದಾಗ ಟೀಮಿನವರೇ ಓಡಿಸಿಕೊಳ್ಳಬೇಕು ಎಂದಾದರೆ ಎಡಿಟರ್. ನೋಟ್‌ಬುಕ್ ಇರುವುದು ಪ್ರಶ್ನೆ ಕೇಳಲು. ಎಡಿಟರ್ ಇರುವುದು ಸಿಕ್ಕ ಉತ್ತರವನ್ನು ಉಳಿಸಿಕೊಳ್ಳಲು. ಹೆಚ್ಚಿನ ಜನ ಎಡವುವುದು ಟೂಲ್ ಆರಿಸುವಾಗಲ್ಲ, ಒಂದರಿಂದ ಇನ್ನೊಂದಕ್ಕೆ ಹೋಗುವ ಹೊತ್ತನ್ನು ತಪ್ಪಿಸಿಕೊಂಡಾಗ.

2. ಡೇಟಾ ಹೊಸದೇ? ನೋಟ್‌ಬುಕ್ ತೆರೆಯಿರಿ, ನಾಚಿಕೆ ಬೇಡ

ನೋಟ್‌ಬುಕ್ ಅಂದರೆ ಕಲಿಯುವವರ ಆಟಿಕೆ ಎಂದು ಯಾರಾದರೂ ಮೂಗು ಮುರಿದರೆ ಇದರ ಚರಿತ್ರೆ ಹೇಳಿ. 1988ರಲ್ಲಿ ಬಂದ ಮ್ಯಾಥಮ್ಯಾಟಿಕಾದಲ್ಲೇ ನೋಟ್‌ಬುಕ್ ಇತ್ತು. ಫರ್ನಾಂಡೊ ಪೆರೆಜ್ 2001ರಲ್ಲಿ ಐಪೈಥಾನ್ ಎಂಬ ಟೂಲ್ ಶುರು ಮಾಡಿದಾಗ ಅವರು ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪಿಎಚ್‌ಡಿ ವಿದ್ಯಾರ್ಥಿ. 2011ರಲ್ಲಿ ಅದಕ್ಕೆ ಬ್ರೌಸರ್‌ನಲ್ಲಿ ತೆರೆಯುವ ನೋಟ್‌ಬುಕ್ ಬಂತು, 2014ರಲ್ಲಿ ಅದು ಜುಪಿಟರ್ ಆಯಿತು. ಗುರುತ್ವ ಅಲೆಗಳನ್ನು ಪತ್ತೆ ಹಚ್ಚಿದ ಲೈಗೋ ತಂಡ 2016ರಲ್ಲಿ ಆ ಸಂಶೋಧನೆಯ ಡೇಟಾ ಬಿಡುಗಡೆ ಮಾಡಿದಾಗ ಜತೆಗೆ ನೋಟ್‌ಬುಕ್ಕನ್ನೂ ಕೊಟ್ಟಿತು, ಯಾರು ಬೇಕಾದರೂ ಓಡಿಸಿ ನೋಡಲಿ ಎಂದು. ಆಟಿಕೆಗೆ ಇಷ್ಟು ಮರ್ಯಾದೆ ಸಿಗುವುದಿಲ್ಲ.

ಲಾಭ ಎಲ್ಲಿದೆ? ದೊಡ್ಡ ಸಿಎಸ್‌ವಿ ಫೈಲನ್ನು ಒಮ್ಮೆ ಲೋಡ್ ಮಾಡಿದರೆ ಅದು ಮೆಮೊರಿಯಲ್ಲೇ ಇರುತ್ತದೆ. ಆಮೇಲೆ ನೂರು ಪ್ರಶ್ನೆ ಕೇಳಿ, ಪ್ರತಿ ಉತ್ತರವೂ ಕೋಡ್ ಬರೆದ ಚೌಕದ, ಅಂದರೆ ಸೆಲ್‌ನ, ಕೆಳಗೇ ಕಾಣುತ್ತದೆ. ಸ್ಕ್ರಿಪ್ಟ್ ಬರೆದಿದ್ದರೆ ಗ್ರಾಫಿನ ಬಣ್ಣ ಬದಲಿಸಿದರೂ ಫೈಲನ್ನು ಮೊದಲಿನಿಂದ ಓದಬೇಕು. ಕಾಯುವ ಹೊತ್ತಿನಲ್ಲಿ ಕೈ ಫೋನಿಗೆ ಹೋಗುತ್ತದೆ, ಅಲ್ಲಿಗೆ ಕೆಲಸ ಕೆಟ್ಟಿತು.

3. ಸೆಲ್‌ಗಳ ಕ್ರಮವನ್ನು ನಂಬಬೇಡಿ

ಇದೊಂದನ್ನು ನಿಧಾನವಾಗಿ ಓದಿ. ನೋಟ್‌ಬುಕ್‌ನಿಂದ ಕೆಟ್ಟ ಹೆಸರು ಬರುವುದು ಇಲ್ಲೇ.

ಅಡಿಕೆ ಧಾರಣೆಯ ಒಂದು ಫೈಲ್ ಇದೆ ಅಂದುಕೊಳ್ಳಿ. ರೇಟ್ ಕಾಲಂನಲ್ಲಿರುವುದು ಕ್ವಿಂಟಲ್ ಬೆಲೆ, 48,000. ನಿಮಗೆ ಕೆಜಿ ಲೆಕ್ಕ ಬೇಕು. ಒಂದು ಸೆಲ್‌ನಲ್ಲಿ ಆ ಕಾಲಂ ಅನ್ನು 100ರಿಂದ ಭಾಗಿಸಿ ಅದೇ ಕಾಲಂಗೆ ವಾಪಸ್ ತುಂಬಿದಿರಿ. 480 ಬಂತು, ಸರಿಯಾಗಿದೆ. ಕೆಳಗೆ ಹೋಗಿ ಗ್ರಾಫ್ ಬರೆದಿರಿ. ಏನೋ ತಿದ್ದಲು ಮೇಲೆ ಬಂದಿರಿ. ಕೈತಪ್ಪಿ ಅದೇ ಸೆಲ್ ಮೇಲೆ ಇನ್ನೊಮ್ಮೆ ಶಿಫ್ಟ್-ಎಂಟರ್ ಒತ್ತಿದಿರಿ. ಈಗ ಅಡಿಕೆ ಕೆಜಿಗೆ 4 ರೂಪಾಯಿ 80 ಪೈಸೆ. ಎರರ್ ಬರುವುದಿಲ್ಲ, ಕೆಂಪು ಅಕ್ಷರ ಕಾಣುವುದಿಲ್ಲ. ಗ್ರಾಫ್ ಮತ್ತೆ ಬರೆದರೆ ಗೆರೆಯ ಏರಿಳಿತ ಮೊದಲಿನ ಹಾಗೇ ಇರುತ್ತದೆ, ಎಡಬದಿಯ ಅಂಕಿಗಳು ಮಾತ್ರ ಬೇರೆ. ಅಡಿಕೆಯಾದರೆ ಶಿವಮೊಗ್ಗ, ಶಿರಸಿ ಕಡೆಯವರ ಕಣ್ಣಿಗೆ ತಕ್ಷಣ ಬೀಳುತ್ತದೆ. ಪರಿಚಯವೇ ಇಲ್ಲದ ಡೇಟಾ ಆದರೆ ಮ್ಯಾನೇಜರ್ ಕೇಳಿದ ಮೇಲೇ ಗೊತ್ತಾಗುವುದು.

ಯಾಕೆ ಹೀಗೆ? ಪರದೆ ಮೇಲೆ ಕಾಣುವ ಕೋಡ್ ಬೇರೆ, ಕೋಡ್ ಓಡಿಸುವ ಕರ್ನಲ್‌ನ ಮೆಮೊರಿಯಲ್ಲಿ ಕೂತಿರುವ ಬೆಲೆ ಬೇರೆ. ಸೆಲ್ ಅಳಿಸಿದರೂ ಅದು ಹುಟ್ಟಿಸಿದ ವೇರಿಯೇಬಲ್ ಅಳಿಯುವುದಿಲ್ಲ. ಸೆಲ್‌ನ ಪಕ್ಕದ ಚೌಕ ಬ್ರಾಕೆಟ್‌ನಲ್ಲಿರುವ ಸಂಖ್ಯೆಗಳನ್ನು ನೋಡಿ. ಮೇಲಿಂದ ಕೆಳಗೆ 7, 3, 12 ಎಂದಿದ್ದರೆ ಆ ನೋಟ್‌ಬುಕ್‌ನ ಯಾವ ಉತ್ತರವನ್ನೂ ಯಾರಿಗೂ ಹೇಳಬೇಡಿ.

ಪರಿಹಾರ ಸುಲಭ. ಇರುವ ಕಾಲಂ ಮೇಲೆ ಬರೆಯಬೇಡಿ. ಕೆಜಿ ಬೆಲೆಗೆ ಹೊಸ ಹೆಸರಿನ ಕಾಲಂ ಮಾಡಿ. ಆಗ ಆ ಸೆಲ್ಲನ್ನು ಹತ್ತು ಸಲ ಓಡಿಸಿದರೂ ಉತ್ತರ 480ರಲ್ಲೇ ನಿಲ್ಲುತ್ತದೆ.

ಇದು ಹೊಸಬರ ತಪ್ಪು ಮಾತ್ರ ಅಂದುಕೊಳ್ಳಬೇಡಿ. 2018ರ ಜುಪಿಟರ್‌ಕಾನ್ ಸಮ್ಮೇಳನದ ವೇದಿಕೆಯಲ್ಲೇ ಪ್ರೋಗ್ರಾಮರ್ ಜೋಯಲ್ ಗ್ರಸ್ ತನಗೆ ನೋಟ್‌ಬುಕ್ ಯಾಕೆ ಇಷ್ಟವಿಲ್ಲ ಎಂದು ಇಡೀ ಭಾಷಣ ಮಾಡಿದರು. ಮದುವೆ ಮನೆಗೇ ಹೋಗಿ ಗಂಡಿನ ದೋಷ ಎಣಿಸುವ ಧೈರ್ಯ ಅದು. ಅವರ ಮುಖ್ಯ ದೂರು ಈ ಮರೆಯಲ್ಲಿರುವ ಮೆಮೊರಿಯ ಬಗ್ಗೆಯೇ. ಮರುವರ್ಷ, 2019ರಲ್ಲಿ, ಗಿಟ್‌ಹಬ್‌ನ ಸುಮಾರು 14 ಲಕ್ಷ ನೋಟ್‌ಬುಕ್‌ಗಳನ್ನು ಕಲೆಹಾಕಿದ ಅಧ್ಯಯನವೊಂದು ಪ್ರಕಟವಾಯಿತು. ಮತ್ತೆ ಓಡಿಸಿ ನೋಡಿದವುಗಳಲ್ಲಿ ಎರರ್ ಇಲ್ಲದೆ ಮುಗಿದದ್ದು ಸುಮಾರು ಶೇ. 24. ಮೊದಲಿನ ಉತ್ತರವನ್ನೇ ಕೊಟ್ಟದ್ದು ಸುಮಾರು ಶೇ. 4.

4. ರೀಸ್ಟಾರ್ಟ್ ಮಾಡಿ, ಎಲ್ಲ ಸೆಲ್ ಓಡಿಸಿ, ಆಮೇಲೆ ಕಳಿಸಿ

ಜುಪಿಟರ್‌ನ ಕರ್ನಲ್ ಮೆನುವಿನಲ್ಲೇ ಈ ಆಯ್ಕೆ ಇದೆ. ಮೇಲಿಂದ ಕೆಳಗೆ ನಿಲ್ಲದೆ ಓಡಿದರೆ ಮಾತ್ರ ಮೇಲ್‌ಗೆ ಅಟ್ಯಾಚ್ ಮಾಡಿ. ನಡುವೆ ನಿಂತರೆ ಬೇಸರ ಬೇಡ. ಆ ಎರರ್ ಸಿಕ್ಕಿದ್ದು ನಿಮಗೆ, ಬಾಸ್‌ಗೆ ಅಲ್ಲ.

5. ಒಂದೇ ಫಂಕ್ಷನ್ ಎರಡನೇ ಸಲ ಕಾಪಿ ಮಾಡಿದಿರಾ? ಎಡಿಟರ್‌ಗೆ ಸಾಗಿಸಿ

ಹಳೆಯ ನೋಟ್‌ಬುಕ್‌ನಿಂದ ಹೊಸದಕ್ಕೆ ಕೋಡ್ ಕಾಪಿ ಮಾಡಲು ಹೊರಟ ಕ್ಷಣವೇ ಮನೆ ಬದಲಿಸುವ ಹೊತ್ತು. ನಾಳೆ ಒಂದರಲ್ಲಿ ತಿದ್ದುತ್ತೀರಿ, ಇನ್ನೊಂದರಲ್ಲಿ ಮರೆಯುತ್ತೀರಿ. ಎರಡು ಬೇರೆ ಉತ್ತರ ಬರುತ್ತವೆ, ಯಾವುದು ಸರಿ ಎಂದು ನಿಮಗೇ ನೆನಪಿರುವುದಿಲ್ಲ.

ಹೀಗೆ ಮಾಡಿ. ಡೇಟಾ ಶುದ್ಧ ಮಾಡುವ ಫಂಕ್ಷನ್ನನ್ನು ಡಾಟ್-ಪಿವೈ ಫೈಲಿಗೆ ಹಾಕಿ. ನೋಟ್‌ಬುಕ್‌ನಲ್ಲಿ ಅದನ್ನು ಇಂಪೋರ್ಟ್ ಮಾಡಿಕೊಳ್ಳಿ. ಆಟೊರೀಲೋಡ್ ಎಂಬ ಮ್ಯಾಜಿಕ್ ಕಮಾಂಡ್ ಆನ್ ಮಾಡಿ, ಎಡಿಟರ್‌ನಲ್ಲಿ ತಿದ್ದಿದ್ದು ಕರ್ನಲ್ ರೀಸ್ಟಾರ್ಟ್ ಮಾಡದೆಯೇ ನೋಟ್‌ಬುಕ್‌ಗೆ ಬರುತ್ತದೆ. ಆ ಫಂಕ್ಷನ್‌ಗೆ ಪೈಟೆಸ್ಟ್‌ನಲ್ಲಿ ಒಂದು ಪುಟ್ಟ ಟೆಸ್ಟ್ ಬರೆಯಿರಿ: 48,000 ಕೊಟ್ಟರೆ 480 ಬರಲೇಬೇಕು. ರೇಟ್ ಕಾಲಂನಲ್ಲಿ ಕಾಮಾ ಇರುವ '48,000' ಸಂಖ್ಯೆಯಾಗದೆ ಪಠ್ಯವಾಗಿ ಬಂದರೆ ಏನಾಗುತ್ತದೆ? ಅದಕ್ಕೂ ಒಂದು ಟೆಸ್ಟ್ ಬರೆಯಿರಿ. ನಮ್ಮ ಕಡೆಯ ಎಕ್ಸೆಲ್ ಶೀಟ್‌ಗಳಲ್ಲಿ ಅದೇ ಜಾಸ್ತಿ.

6. ಎಡಿಟರ್‌ಗೆ ಹೆದರುತ್ತೀರಾ? ನಾಲ್ಕು ಕೀ ಕಲಿಯಿರಿ

ವಿಎಸ್ ಕೋಡ್ ತೆರೆದರೆ ಎಡಬದಿಯ ಐಕಾನ್‌ಗಳು, ಕೆಳಗಿನ ಟರ್ಮಿನಲ್ ನೋಡಿಯೇ ಕೆಲವರು ಮುಚ್ಚಿಬಿಡುತ್ತಾರೆ. ಹೆದರಿಕೆ ಅಂದರೆ ಕೈಗೆ ರೂಢಿಯಿಲ್ಲ ಎಂದಷ್ಟೇ. ಎಫ್12 ಒತ್ತಿ, ಫಂಕ್ಷನ್ ಎಲ್ಲಿ ಹುಟ್ಟಿದೆಯೋ ಅಲ್ಲಿಗೆ ಹೋಗುತ್ತೀರಿ. ಎಫ್2 ಒತ್ತಿ, ಅದೇ ವೇರಿಯೇಬಲ್‌ನ ಹೆಸರು ಬಳಸಿದ ಕಡೆಯೆಲ್ಲ ಬದಲಾಗುತ್ತದೆ. ಎಫ್9 ಒತ್ತಿ ಬ್ರೇಕ್‌ಪಾಯಿಂಟ್ ಇಡಿ. ಎಫ್5 ಒತ್ತಿ ಡೀಬಗ್ ಶುರು ಮಾಡಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್‌ಎನ್ ಕೀ ಜತೆಗೆ ಒತ್ತಬೇಕು, ಇಲ್ಲದಿದ್ದರೆ ಸೌಂಡ್ ಕಮ್ಮಿಯಾಗುತ್ತದೆ.

ಡೀಬಗರ್ ಕಲಿತವರು ಪ್ರತಿ ಸಾಲಿಗೂ ಪ್ರಿಂಟ್ ಹಾಕುವುದನ್ನು ಬಿಡುತ್ತಾರೆ. ಪ್ರೋಗ್ರಾಂ ಬ್ರೇಕ್‌ಪಾಯಿಂಟ್‌ನಲ್ಲಿ ನಿಂತಾಗ ಎಲ್ಲ ವೇರಿಯೇಬಲ್‌ಗಳ ಬೆಲೆಯೂ ಪಕ್ಕದಲ್ಲಿ ಸಾಲಾಗಿ ಕಾಣುತ್ತದೆ. ಥೀಮ್, ಫಾಂಟ್ ಆರಿಸುವುದಕ್ಕೆ ಭಾನುವಾರ ಹಾಳು ಮಾಡಬೇಡಿ. ಬಣ್ಣ ಬದಲಾದರೆ ಬಗ್ ಹೋಗುವುದಿಲ್ಲ.

7. ಗಿಟ್‌ಗೆ ಹಾಕುವ ಮೊದಲು ಔಟ್‌ಪುಟ್ ತೆಗೆಯಿರಿ

ನೋಟ್‌ಬುಕ್ ಫೈಲ್ ಒಳಗೆ ಇರುವುದು ಜೇಸನ್. ಕೋಡ್, ಔಟ್‌ಪುಟ್, ಗ್ರಾಫಿನ ಚಿತ್ರ, ಸೆಲ್‌ನ ಸಂಖ್ಯೆ ಎಲ್ಲವೂ ಒಂದೇ ಫೈಲಿನಲ್ಲಿ. ಹೀಗಾಗಿ ಒಂದು ಸಾಲೂ ಬದಲಿಸದೆ ಬರೀ ಓಡಿಸಿ ಸೇವ್ ಮಾಡಿದರೂ ಗಿಟ್ 'ಬದಲಾಗಿದೆ' ಎನ್ನುತ್ತದೆ. ಕೋಡ್ ರಿವ್ಯೂ ಮಾಡುವವರಿಗೆ ನಿಜವಾದ ಬದಲಾವಣೆ ಹುಡುಕುವುದೇ ಕೆಲಸವಾಗುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಡೇಟಾ ಸರಿಯಾಗಿ ಬಂತಾ ನೋಡೋಣ ಎಂದು ಮೊದಲ ಐದು ಸಾಲು ಪ್ರಿಂಟ್ ಮಾಡಿರುತ್ತೀರಿ. ಆ ಐದು ಸಾಲಿನಲ್ಲಿ ಗ್ರಾಹಕರ ಹೆಸರು, ಫೋನ್ ನಂಬರ್ ಇದ್ದರೆ ಅವೂ ಫೈಲಿನೊಳಗೆ ಸೇವ್ ಆಗಿ ಗಿಟ್‌ಹಬ್‌ಗೆ ಹೋಗುತ್ತವೆ. ಪ್ರಿಂಟ್ ಮಾಡಿದ ಎಪಿಐ ಕೀ ವಿಷಯವೂ ಅಷ್ಟೇ. ಎನ್‌ಬಿಸ್ಟ್ರಿಪ್‌ಔಟ್ ಹಾಕಿಕೊಳ್ಳಿ, ಕಮಿಟ್ ಆಗುವ ಮೊದಲೇ ಔಟ್‌ಪುಟ್ ತೆಗೆದುಹಾಕುತ್ತದೆ. ಎರಡು ನೋಟ್‌ಬುಕ್‌ಗಳ ವ್ಯತ್ಯಾಸ ನೋಡಲು ಎನ್‌ಬಿಡೈಮ್ ಬಳಸಿ. ನೋಟ್‌ಬುಕ್ ಜತೆಗೇ ಅದರ ಡಾಟ್-ಪಿವೈ ಜೋಡಿ ಬೇಕಿದ್ದರೆ ಜುಪಿಟೆಕ್ಸ್ಟ್. ಮೂರೂ ಉಚಿತ, ಮುಂದೂಡಲು ನೆಪವಿಲ್ಲ.

8. ಲ್ಯಾಪ್‌ಟಾಪ್ ಹಳೆಯದೇ? ಕೊಲ್ಯಾಬ್ ಇದೆ

ರ‍್ಯಾಮ್ ಕಮ್ಮಿ, ಜಿಪಿಯು ಇಲ್ಲ ಎಂದು ಕೈಕಟ್ಟಿ ಕೂರಬೇಡಿ. ಗೂಗಲ್ ಕೊಲ್ಯಾಬ್ ಬ್ರೌಸರ್‌ನಲ್ಲೇ ಓಡುತ್ತದೆ, ಸಿಕ್ಕಾಗ ಜಿಪಿಯು ಕೂಡ ಕೊಡುತ್ತದೆ. ಆದರೆ ಉಚಿತ ಆವೃತ್ತಿಯ ಸೆಷನ್ ಹೆಚ್ಚೆಂದರೆ 12 ಗಂಟೆ. ಸುಮ್ಮನೆ ಬಿಟ್ಟರೆ ಅದಕ್ಕೂ ಮೊದಲೇ ಕಟ್. ಸೆಷನ್ ಹೋದರೆ ಅಲ್ಲಿನ ಮಷೀನ್‌ನಲ್ಲಿದ್ದ ಫೈಲ್‌ಗಳೂ ಹೋದ ಹಾಗೆ. ಗೂಗಲ್ ಡ್ರೈವ್ ಮೌಂಟ್ ಮಾಡಿ, ಮಾಡೆಲ್ ಟ್ರೇನ್ ಆಗುತ್ತಿರುವಾಗಲೇ ಆಗಾಗ ಅಲ್ಲಿಗೆ ಸೇವ್ ಮಾಡಿ.

9. ಎರಡೂ ಬೇಕೆನಿಸಿದರೆ ಎರಡೂ ಇಟ್ಟುಕೊಳ್ಳಿ

ವಿಎಸ್ ಕೋಡ್‌ನಲ್ಲೇ ನೋಟ್‌ಬುಕ್ ತೆರೆಯಬಹುದು. ಇನ್ನೂ ಚೆಂದದ ದಾರಿ ಒಂದಿದೆ: ಸಾಮಾನ್ಯ ಪೈಥಾನ್ ಫೈಲಿನಲ್ಲಿ ಒಂದು ಹ್ಯಾಷ್, ಜಾಗ ಬಿಟ್ಟು ಎರಡು ಪರ್ಸೆಂಟ್ ಚಿಹ್ನೆ ಹಾಕಿದರೆ ಅಲ್ಲಿಂದ ಒಂದು ಸೆಲ್ ಶುರುವಾಗುತ್ತದೆ. ಸ್ಪೈಡರ್ ಎಂಬ ಎಡಿಟರ್‌ನಲ್ಲೂ ಇದು ನಡೆಯುತ್ತದೆ. ಸೆಲ್ ಸೆಲ್ ಆಗಿ ಓಡಿಸುವ ಸುಖವೂ ಉಂಟು, ಗಿಟ್‌ನಲ್ಲಿ ಫೈಲ್ ಕ್ಲೀನ್ ಆಗಿಯೂ ಇರುತ್ತದೆ. ನನ್ನನ್ನು ಕೇಳಿದರೆ ಹೊಸಬರು ಇಲ್ಲಿಂದಲೇ ಶುರು ಮಾಡಬೇಕು. ಮರಿಮೊ ಎಂಬ ಹೊಸ ನೋಟ್‌ಬುಕ್ಕನ್ನೂ ಒಮ್ಮೆ ನೋಡಿ: ಒಂದು ಸೆಲ್ ಬದಲಾದರೆ ಅದನ್ನು ನೆಚ್ಚಿಕೊಂಡ ಸೆಲ್‌ಗಳು ತಾವಾಗಿಯೇ ಓಡುತ್ತವೆ, ಫೈಲ್ ಡಾಟ್-ಪಿವೈ ಆಗಿಯೇ ಉಳಿಯುತ್ತದೆ.

10. ಹುದ್ದೆ ನೋಡಿ ಅಭ್ಯಾಸ ಮಾಡಿ

ಬ್ಯಾಕೆಂಡ್, ಆ್ಯಪ್, ಟೆಸ್ಟಿಂಗ್ ಕೆಲಸ ಬೇಕೆ? ದಿನದ ಹೆಚ್ಚಿನ ಹೊತ್ತು ಎಡಿಟರ್‌ನಲ್ಲಿರಿ. ಡೇಟಾ ಅನಲಿಸ್ಟ್ ಆಗಬೇಕೆ? ನೋಟ್‌ಬುಕ್ ಕೈಗೆ ಹತ್ತಲಿ. ಮಷೀನ್ ಲರ್ನಿಂಗ್ ಎಂಜಿನಿಯರ್ ಆಗುವ ಆಸೆಯಿದ್ದರೆ ಎರಡೂ ಬರಬೇಕು, ರಿಯಾಯಿತಿ ಇಲ್ಲ. ನೋಟ್‌ಬುಕ್ ಪ್ರೊಡಕ್ಷನ್‌ಗೆ ಬರುವುದೇ ಇಲ್ಲ ಎಂದು ಇಂಟರ್‌ವ್ಯೂನಲ್ಲಿ ಖಡಾಖಂಡಿತ ಹೇಳಬೇಡಿ. ಪೇಪರ್‌ಮಿಲ್ ಎಂಬ ಟೂಲ್ ಬಳಸಿ ನೋಟ್‌ಬುಕ್‌ಗಳನ್ನು ನಿಗದಿತ ಹೊತ್ತಿಗೆ ಓಡಿಸುವ ತನ್ನ ವ್ಯವಸ್ಥೆಯ ಬಗ್ಗೆ ನೆಟ್‌ಫ್ಲಿಕ್ಸ್ 2018ರಲ್ಲೇ ಬರೆದಿದೆ. ಎದುರಿಗೆ ಕೂತವರಿಗೆ ಅದು ಗೊತ್ತಿದ್ದರೆ ನಿಮ್ಮ ಮಾತು ಅಲ್ಲಿಗೆ ನಿಲ್ಲುತ್ತದೆ.

ಗಿಟ್‌ಹಬ್‌ನಲ್ಲಿ ಒಂದೇ ಒಂದು ಪ್ರಾಜೆಕ್ಟ್ ಅಚ್ಚುಕಟ್ಟಾಗಿ ಇಡಿ. ನೋಟ್‌ಬುಕ್‌ಗಳಿಗೆ ಒಂದು ಫೋಲ್ಡರ್, ಪೈಥಾನ್ ಫೈಲ್‌ಗಳಿಗೆ ಇನ್ನೊಂದು, ಟೆಸ್ಟ್‌ಗಳಿಗೆ ಮತ್ತೊಂದು. ಯಾವುದನ್ನು ಮೊದಲು ಓಡಿಸಬೇಕು ಎಂದು ರೀಡ್‌ಮಿ ಫೈಲಿನಲ್ಲಿ ಮೂರ್ನಾಲ್ಕು ಸಾಲು ಬರೆಯಿರಿ. ಆಮೇಲೆ ಗೆಳೆಯರೊಬ್ಬರ ಲ್ಯಾಪ್‌ಟಾಪ್‌ನಲ್ಲಿ ಅದನ್ನು ಕ್ಲೋನ್ ಮಾಡಿಸಿ, ಬಾಯಿ ಬಿಡದೆ ಪಕ್ಕದಲ್ಲಿ ಕೂತು ನೋಡಿ. ಅವರು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೋ ಅಲ್ಲಿ ರೀಡ್‌ಮಿ ತಿದ್ದಿ, ನಂತರವೇ ರೆಸ್ಯೂಮೆಯಲ್ಲಿ ಲಿಂಕ್ ಹಾಕಿ.